ಫಿಟ್ಟರ್ ಮಾವನ ಹೇಳಿಕೆ

ಮಾರ್ಚ್ ಹನ್ನೆರಡು, ಬೆಳಿಗ್ಗೆ 11.20. ಪಂಪ್ ಕಾರ್ಖಾನೆಯ ಮ್ಯಾನೇಜರ್ ಠಾಣೆಗೆ ಬಂದು ದೂರು ಕೊಟ್ಟರು. ಹಿಂದಿನ ದಿನ ದೊಡ್ಡ ಲೇತ್ ಯಂತ್ರದ ಬೇರಿಂಗ್ ಒಡೆದು, ಅದನ್ನು ನಡೆಸುತ್ತಿದ್ದವನ ಎರಡು ಬೆರಳು ಹೋಗಿದ್ದವು. ಯಂತ್ರ ಕೆಡುವ ಮೊದಲೇ ಅದರ ನಡುಕ ಅಳೆದು ಕಂಪ್ಯೂಟರಿಗೆ ತಿಳಿಸಬೇಕಾದ ಸೆನ್ಸರ್ ಏನೂ ಹೇಳಿರಲಿಲ್ಲ.

"ಯಾರೋ ಕೈಯಾಡಿಸಿದ್ದಾರೆ ಸಾರ್."

ಎಫ್‌ಐಆರ್ ದಾಖಲಾಯಿತು.

12.40ಕ್ಕೆ ಪಂಚನಾಮೆ. ಸೆನ್ಸರ್ ಬಿಚ್ಚಿಸಿದಾಗ ಅದರಡಿ ದುಂಡಗೆ ಕತ್ತರಿಸಿದ ಸೈಕಲ್ ಟ್ಯೂಬಿನ ತುಂಡು ಸಿಕ್ಕಿತು. ನಡುಕವೆಲ್ಲ ಆ ರಬ್ಬರಿನಲ್ಲೇ ಅಡಗುತ್ತಿತ್ತು.

"ಪಂಕ್ಚರ್ ಅಂಗಡಿಯವನನ್ನ ಹಿಡಿಯೋಣ್ವಾ ಸಾರ್?" ಎಂದ ಕಾನ್‌ಸ್ಟೆಬಲ್. ಯಾರೂ ನಗಲಿಲ್ಲ.

ಕಂಪ್ಯೂಟರಿನ ದಾಖಲೆಯಲ್ಲಿ ನಾಲ್ಕನೇ ತಾರೀಕು 9.05ಕ್ಕೆ ಈ ಯಂತ್ರದ ನಡುಕದ ಗೆರೆ ಏರಿ ಕೆಂಪಾಗಿತ್ತು. 9.40ಕ್ಕೆ ಸಪಾಟಾಗಿ ಮಲಗಿತ್ತು. ಪರದೆ ಏನೇ ಹೇಳಲಿ, ಅಲ್ಲಿ ಕೊನೆಯ ಮಾತು ಹಿರಿಯ ಫಿಟ್ಟರದು. ಎಲ್ಲರೂ ಅವರನ್ನು ಮಾವ ಎನ್ನುತ್ತಿದ್ದರು. ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೂ ಹಿಡಿಯನ್ನು ಕಿವಿಗೂ ಒತ್ತಿ, ಅವರು ರೋಗ ಹೇಳುತ್ತಿದ್ದರು. ಅಂದು ರಿಜಿಸ್ಟರಿನಲ್ಲಿ ಬರೆದದ್ದು: ‘ಸದ್ದಿಲ್ಲ, ಸರಿಯಿದೆ.’ ಆ ಮೂವತ್ತೈದು ನಿಮಿಷ ಯಂತ್ರದ ಬಳಿ ಬೇರೆ ಯಾರೂ ಇರಲಿಲ್ಲ.

3.30ಕ್ಕೆ ಠಾಣೆಯಲ್ಲಿ ಮಾವನ ವಿಚಾರಣೆ. ಇನ್‌ಸ್ಪೆಕ್ಟರ್ ಕಾಗದದ ಮೇಲೆ ಕಣ್ಣಿಟ್ಟೇ ಕೇಳಿದರು.

"ಟ್ಯೂಬ್ ಕತ್ತರಿಸಿದ್ದು ಯಾರು?"

ಮಾವ ಮುಂದಕ್ಕೆ ಬಾಗಿ ಅವರ ಮುಖ ಹುಡುಕಿದರು. ಇನ್‌ಸ್ಪೆಕ್ಟರ್ ಮತ್ತೆ ಕೇಳಿದರು.

"ಸ್ವಲ್ಪ ತಲೆ ಎತ್ತಿ ಮಾತಾಡಿ ಸಾರ್," ಎಂದರು ಮಾವ.

ಇನ್‌ಸ್ಪೆಕ್ಟರ್ ತಲೆ ಎತ್ತಿದರು. ಮಾವ ಅವರ ತುಟಿಗಳನ್ನೇ ನೋಡುತ್ತಿದ್ದರು.

"ಎಷ್ಟು ದಿನದಿಂದ ಕೇಳಿಸ್ತಿಲ್ಲ?"

"ಎರಡು ವರ್ಷ."

"ಮನೇಲಿ ಗೊತ್ತಾ?"

"ಹೆಂಡತಿಗೊಬ್ಬಳಿಗೇ. ಬೈದ್ರೆ ಎದುರುತ್ತರ ಇಲ್ಲ, ಈಗ್ಲೇ ನೆಮ್ಮದಿ ಅಂತಾಳೆ."

"ಕೆಂಪಾದಾಗ ಯಂತ್ರ ನಿಲ್ಲಿಸಬಹುದಿತ್ತಲ್ಲ?"

"ಬಿಚ್ಚಿ ನೋಡಿದ್ರೆ ಬೇರಿಂಗ್ ಹಾಳಾಗಿರೋದು ಸಿಗ್ತಿತ್ತು. ‘ಮಾವ, ನಿಮಗ್ಯಾಕೆ ಕೇಳಿಸ್ಲಿಲ್ಲ?’ ಅಂತ ಎಲ್ರೂ ಕೇಳ್ತಿದ್ರು." ಅವರು ಕೈ ಉಜ್ಜಿಕೊಂಡರು. "ಆ ಹುಡುಗ ಕಿರುಚಿದಾಗ ನಾನು ನಾಲ್ಕು ಹೆಜ್ಜೆ ದೂರ ಬೆನ್ನು ಮಾಡಿ ನಿಂತಿದ್ದೆ ಸಾರ್. ಜನ ಓಡಿದ್ದು ನೋಡಿ ತಿರುಗಿದೆ."

ಕಾನ್‌ಸ್ಟೆಬಲ್ ಕಿಟಕಿಯತ್ತ ನೋಡಿದ.

4.50ಕ್ಕೆ ಬಂಧನ. ಮಾವ ಮೆಲ್ಲಗೆ ಕೇಳಿಕೊಂಡರು: "ಕಂಪ್ಯೂಟರ್ ಮೇಲಿನ ಹೊಟ್ಟೆಕಿಚ್ಚು ಅಂತ ಬರೀರಿ. ಕಿವಿ ವಿಷಯ ಬೇಡ."

ಇನ್‌ಸ್ಪೆಕ್ಟರಿಗೆ ಆ ವಿಷಯ ಬಿಡಲಾಗಲಿಲ್ಲ. ಬರೆಯುವಷ್ಟು ಹೊತ್ತೂ ಮಾವ ಪೆನ್ನನ್ನೇ ನೋಡುತ್ತಿದ್ದರು. ಕಿವಿಯ ಸಾಲು ಬಂದಾಗ ಮುಖವನ್ನು ಗೋಡೆಯ ಕಡೆ ತಿರುಗಿಸಿದರು.