ನಲವತ್ತೇಳನೆಯ ತುಣುಕು

ಕಂಪ್ಯೂಟರ್ ಮುಂದೆ ಕುಳಿತ ನೀಲಾ ಕಿರುಚಿದಳು.

ಒಳಗೆ ಚಹಾ ಸೋಸುತ್ತಿದ್ದ ಜಯಶ್ರೀ ಓಡಿಬಂದಳು. ಪರದೆಯ ಮೇಲೆ ನೀಲಾ ಎರಡು ತಿಂಗಳಿಂದ ಜೋಡಿಸುತ್ತಿದ್ದ ವಿಡಿಯೋ ಇತ್ತು. ನಡುವೆ ಒಂದು ಚೌಕ ಮಾತ್ರ ಖಾಲಿ. ಅದರ ಮೇಲೆ ಕೆಂಪು ಇಂಟು ಗುರುತು.

"ನಮ್ಮಣ್ಣ ನಗೋದು ಇಲ್ಲರೀ ಅಕ್ಕಾ! ನಿನ್ನಿ ಇತ್ತು!"

ಜಯಶ್ರೀ ಫೋಲ್ಡರ್ ತೆರೆದಳು. ಅರವತ್ತಮೂರು ತುಣುಕುಗಳಲ್ಲಿ ಒಂದು ಮಾಯವಾಗಿತ್ತು. ನಲವತ್ತೇಳನೆಯದು. ರೀಸೈಕಲ್ ಬಿನ್ ಕೂಡ ಬರಿದು.

"ಇದು ತಾನ ಹೋಗಿಲ್ಲ. ಯಾರೋ ಅಳಿಸ್ಯಾರ," ಎಂದಳು.

ಅದು 2009. ಗೋವಾದ ಪಣಜಿ ಹತ್ತಿರ, ಕನ್ನಡದ ಕೆಲಸಗಾರರು ನೆಲೆಸಿದ ಚಿಂಬಲ್‌ನ ಒಂದು ಕೋಣೆಯಲ್ಲಿ ಜಯಶ್ರೀ ಮದುವೆ ವಿಡಿಯೋಗಳನ್ನು ಎಡಿಟ್ ಮಾಡುತ್ತಿದ್ದಳು. ಕಲಿಯಬೇಕೆಂದವರಿಗೆ ಕಲಿಸುತ್ತಿದ್ದಳು. ನೀಲಾ ಅವಳ ಹೊಸ ವಿದ್ಯಾರ್ಥಿನಿ.

ನೀಲಾಳ ಅಣ್ಣ ಬಾಳು ಗಾರೆ ಕೆಲಸದವನು. ಒಬ್ಬ ಸಿನಿಮಾ ನಟನೆಂದರೆ ಪ್ರಾಣ. ಹಿಂದಿನ ವರ್ಷ ಆ ನಟನ ಹುಟ್ಟುಹಬ್ಬದ ದಿನ ಕಟೌಟಿಗೆ ಹಾರ ಹಾಕಲು ಬಿದಿರಿನ ಅಟ್ಟಣಿಗೆ ಹತ್ತಿದ. ಅಟ್ಟಣಿಗೆ ಕುಸಿಯಿತು. ಬಾಳು ಸತ್ತ. ಕುಡಿದು ಹತ್ತಿದ್ದ ಎಂದು ಇಡೀ ಚಿಂಬಲ್ ಮಾತಾಡಿತು. ಬಾಳು ಒಂದು ಹನಿಯನ್ನೂ ಮುಟ್ಟಿದವನಲ್ಲ. ಆ ಮಾತು ಕೇಳಲಾರದೆ ತಾಯಿ ಶಿವವ್ವ ನಲ್ಲಿಯ ಕಡೆ ಹೋಗುವುದನ್ನೇ ಬಿಟ್ಟಳು.

ಈ ವರ್ಷದ ಹುಟ್ಟುಹಬ್ಬಕ್ಕೆ ಅಭಿಮಾನಿ ಬಳಗ ವಿಡಿಯೋ ತೋರಿಸಬೇಕೆಂದಾಗ ನೀಲಾ ತಾನೇ ಮಾಡುತ್ತೇನೆಂದು ನಿಂತಳು. ಅಣ್ಣನನ್ನು ಕುಡುಕ ಎಂದವರೆಲ್ಲ ಅವನ ಮುಖವನ್ನು ತಲೆಯೆತ್ತಿ ನೋಡಬೇಕು. ಅದೊಂದೇ ಹಟ.

ಪ್ರದರ್ಶನ ಭಾನುವಾರ. ಇವತ್ತು ಶುಕ್ರವಾರ.

"ನಿನ್ನಿ ಇಲ್ಲಿ ಯಾರ್ಯಾರು ಬಂದಿದ್ರು?" ಜಯಶ್ರೀ ಕೇಳಿದಳು.

"ಮೂರು ಮಂದಿ. ಆದ್ರ ಮಾಡ್ದಾಂವ ಹುಲಿಗೆಪ್ಪ. ನಮ್ಮಣ್ಣನ ಕೊಂದಾವನೂ ಅವನ."

* * *

ಹುಲಿಗೆಪ್ಪ ಮೇಸ್ತ್ರಿ, ಬಳಗದ ಅಧ್ಯಕ್ಷ. ಬಾಳುವಿಗೆ ಹತ್ತು ಎಂದವನು ಅವನೇ. ಬಾಳುವಿನ ಮುಖ ವಿಡಿಯೋದಲ್ಲಿ ಬೇಡ ಎಂದು ನಿನ್ನೆ ಬಂದು ಕೂಗಾಡಿದ್ದ.

ಜಯಶ್ರೀ ಅವನನ್ನು ಕಟ್ಟಡದ ಕೆಲಸದ ಜಾಗದಲ್ಲೇ ಹಿಡಿದಳು.

"ಯಾಕ್ ಬ್ಯಾಡ ಅಂದ್ರಿ? ಅದನ್ನ ಅಳಿಸ್ದಾವ್ರು ನೀವೇನ್ರಿ?"

"ಅವನ ಮುಖ ಕಂಡ್ರ ನನಗ ತುತ್ತು ಇಳಿಯಂಗಿಲ್ರಿ. ಹತ್ತು ಅಂದಾವ ನಾನ ಅಲ್ಲೇನ್ರಿ?" ಹುಲಿಗೆಪ್ಪನ ಕಣ್ಣು ಕೆಂಪಾದವು. "ಆದ್ರ ಆ ಕಂಪ್ಯೂಟರ್ ಚಾಲೂ ಮಾಡೂದೂ ನನಗ ಬರಂಗಿಲ್ಲ."

"ಅಂವಾ ಕುಡದಿದ್ನಾ?"

"ನನಗೇನ ವಾಸನಿ ಬಂದಿರಲಿಲ್ಲ. ಶಶಿಧರ ಸಾವ್ಕಾರ್ರು ಹಂಗಂದ್ರು. ಎಲ್ಲಾರೂ ಹೂಂ ಅಂದ್ರು."

ಎರಡನೆಯವನು ದಾವಲಮಲಿಕ. ಅಟ್ಟಣಿಗೆ ಕುಸಿದ ದಿನ ಕ್ಯಾಮೆರಾ ಹಿಡಿದಿದ್ದವನು.

"ಅಳಸೂದಿದ್ರ ಹ್ವಾದ ವರ್ಷನ ಕ್ಯಾಮೆರಾದಾಗ ಅಳಸ್ತಿದ್ದೆ. ನಾನ ತಂದು ನಿಮಗ್ಯಾಕ ಕೊಡ್ತಿದ್ನಿ?"

"ನಿನ್ನ ಹತ್ರ ಇನ್ನೊಂದು ಕಾಪಿ?"

"ಇಲ್ರಿ. ಕಾರ್ಡಿನ ಮ್ಯಾಗ ಆಮ್ಯಾಲೆ ಹತ್ತು ಮದುವಿ ತಗದೇನಿ."

ಅವನ ಮಾತಿನಲ್ಲಿ ನ್ಯಾಯವಿತ್ತು.

ಮೂರನೆಯವನು ಶಶಿಧರ. ಧಾರವಾಡದ ವ್ಯಾಪಾರಿ ಮನೆತನ, ಪಣಜಿಯಲ್ಲಿ ಕಂಪ್ಯೂಟರ್ ಅಂಗಡಿ, ಬಳಗದ ಪೋಷಕ. ಬಾಳುವಿನ ಮಣ್ಣಿಗೆ ಮೊದಲು ಹಾರ ತಂದವನು. ಅವನ ಮೇಲೆ ಯಾರಿಗೂ ಅನುಮಾನವಿರಲಿಲ್ಲ.

* * *

ಜಯಶ್ರೀ ವಾಪಸು ಬಂದು ಕಂಪ್ಯೂಟರ್ ಮುಂದೆ ಕುಳಿತಳು. ಮೊದಲ ದಿನದ ಜಗಳ ನೆನಪಾಯಿತು.

ಯಾವ ಸಾಫ್ಟ್‌ವೇರ್‌ನಲ್ಲಿ ಮಾಡುವುದು? ಎದುರಿಗೆ ಮೂರಿದ್ದವು. ವಿಂಡೋಸ್ ಜೊತೆ ಬಿಟ್ಟಿ ಬರುವುದೊಂದು. ತಿಂಗಳ ಮಟ್ಟಿಗೆ ಬಳಸಲು ಸಿಗುವುದೊಂದು; ಅದರಲ್ಲಿ ಮಾಡಿದ ವಿಡಿಯೋದ ಮೇಲೆಲ್ಲ 'ಟ್ರಯಲ್' ಎಂಬ ಅಕ್ಷರ ಅಡ್ಡ ಬೀಳುತ್ತಿತ್ತು. ಮೂರನೆಯದು ಸ್ಟುಡಿಯೋದವರು ಬಳಸುವ ದೊಡ್ಡದು. ಅದನ್ನೇ ಆರಿಸಿ, ವಿಡಿಯೋ ನನ್ನ ಅಂಗಡಿಯಲ್ಲೇ ಮಾಡಿಸೋಣ ಎಂದು ಶಶಿಧರ ಹಟ ಹಿಡಿದಿದ್ದ.

"ಹೊಸದಾಗಿ ಕಲಿಯಾಕಿಗೆ ಅದು ಬ್ಯಾಡ್ರಿ. ಕತ್ತರಿಸೂದು, ಜೋಡಿಸೂದು, ಹಾಡು ಕೂಡಿಸೂದು ಬಂದ್ರ ಸಾಕು," ಎಂದು ಜಯಶ್ರೀ ಬಿಟ್ಟಿಯದನ್ನೇ ಆರಿಸಿದ್ದಳು.

ಆದರೂ ನಿನ್ನೆ ಸಂಜೆ ಶಶಿಧರ ಆ ದೊಡ್ಡ ಸಾಫ್ಟ್‌ವೇರ್ ತಂದು ಹಾಕಿಕೊಟ್ಟಿದ್ದ. "ಬಣ್ಣ ಚಲೋ ಬರ್ತಾವು," ಎಂದಿದ್ದ. ನೀಲಾ ಅವನಿಗೆ ಅಣ್ಣನ ನಗುವನ್ನು ಹೆಮ್ಮೆಯಿಂದ ತೋರಿಸಿ ಮನೆಗೆ ಹೋಗಿದ್ದಳು. ಜಯಶ್ರೀ ಹಾಲು ತರಲು ಹೋದ ಹತ್ತು ನಿಮಿಷ ಅವನೊಬ್ಬನೇ ಇದ್ದ.

ಜಯಶ್ರೀ ಫೋಲ್ಡರನ್ನು ಮತ್ತೆ ತೆರೆದಳು. ಈ ಸಲ ಕೊನೆಯ ಸಾಲಿನವರೆಗೂ ಓದಿದಳು. ಮೂಲೆಯಲ್ಲೊಂದು ಪುಟ್ಟ ಫೈಲು, ವಿಡಿಯೋ ಅಲ್ಲ. ಹೆಸರು ನಲವತ್ತೇಳು. ಸಮಯ ನಿನ್ನೆ ಸಂಜೆ ಆರೂ ಹನ್ನೆರಡು.

"ನೀಲಾ, ನೀ ಪ್ರಯೋಗಕ್ಕ ಅಂತ ಮೊದಲ ದಿನ ಆ ಟ್ರಯಲ್ ಸಾಫ್ಟ್‌ವೇರಿನ್ಯಾಗ ಹಾಕಿ ನೋಡಿದ್ದು ಯಾವ ತುಣುಕು?"

"ನಮ್ಮಣ್ಣಂದ, ಅದ ನಲವತ್ತೇಳು. ಪೂರ್ತಿ ಹಾಕಿದ್ನಿ."

ಜಯಶ್ರೀ ಡ್ರಾಯರ್ ಎಳೆದಳು. ಪ್ರಯೋಗದ ಸಿ.ಡಿ. ಅಲ್ಲೇ ಇತ್ತು.

ಇಬ್ಬರೂ ನೋಡಿದರು. 'ಟ್ರಯಲ್' ಅಕ್ಷರದ ಹಿಂದೆ ಬಾಳು ಮೂರು ಸೆಕೆಂಡು ನಕ್ಕು ಪಕ್ಕಕ್ಕೆ ಸರಿದ. ನೀಲಾ ಯಾವಾಗಲೂ ಅಲ್ಲಿಗೇ ನಿಲ್ಲಿಸುತ್ತಿದ್ದಳು. ಅಣ್ಣನಿಲ್ಲದ ಉಳಿದ ಭಾಗ ಅವಳಿಗೆ ಬೇಕಿರಲಿಲ್ಲ.

ಜಯಶ್ರೀ ನಿಲ್ಲಿಸಲಿಲ್ಲ. ಉಳಿದ ನಲವತ್ತು ಸೆಕೆಂಡು ಓಡಿತು.

ನೀಲಾ ಬಾಯಿಗೆ ಸೆರಗು ಒತ್ತಿಕೊಂಡಳು.

"ಪೊಲೀಸರಿಗೆ ಕೊಡೂಣು," ಎಂದಳು ಜಯಶ್ರೀ.

"ಕೊಡ್ರಿ. ಆದ್ರ ಅಂವನ್ನ ಹಿಡಿಯೂದು ಭಾನುವಾರ, ಎಲ್ಲಾರ ಮುಂದ. ಮಂದಿ ಮುಂದ ನಮ್ಮಣ್ಣನ ಹೆಸರು ಕೆಡಿಸ್ಯಾನ. ಮಂದಿ ಮುಂದನ ತೀರಿಸ್ತೇನಿ."

* * *

ಭಾನುವಾರ ನಾಲ್ಕು ಗಂಟೆ. ಸಭಾಮಂಟಪ ತುಂಬಿತ್ತು. ಮೂರನೆಯ ಸಾಲಿನಲ್ಲಿ ಶಿವವ್ವ. ಮುಂದಿನ ಸಾಲಿನಲ್ಲಿ ಶಾಲು ಹೊದ್ದ ಶಶಿಧರ. ಬಾಗಿಲ ಬಳಿ ಸಬ್‌ಇನ್ಸ್‌ಪೆಕ್ಟರ್ ಮಫ್ತಿಯಲ್ಲಿ ನಿಂತಿದ್ದ. ಸಿ.ಡಿ. ಶನಿವಾರವೇ ಅವನ ಕೈ ಸೇರಿತ್ತು.

ಹಾಡು, ನಟನ ಚಿತ್ರ, ಶಿಳ್ಳೆ. ಆಮೇಲೆ 'ಟ್ರಯಲ್' ಅಕ್ಷರದ ಹಿಂದೆ ಬಾಳುವಿನ ನಗು. ಗದ್ದಲ ತಗ್ಗಿತು. ಬಾಳು ಪಕ್ಕಕ್ಕೆ ಸರಿದ. ಹಿಂದೆ ಅಟ್ಟಣಿಗೆ ಪೂರ್ತಿ ಕಂಡಿತು. ಅದರ ಬುಡದಲ್ಲೊಬ್ಬ ಬಗ್ಗಿ ಬಿದಿರಿಗೆ ಬಿಗಿದ ಹಗ್ಗ ಬಿಚ್ಚುತ್ತಿದ್ದ. ಬಿಚ್ಚಿದ ಹಗ್ಗದಿಂದಲೇ ತನ್ನ ಕಂಪ್ಯೂಟರ್ ಅಂಗಡಿಯ ಬ್ಯಾನರ್ ಕಟ್ಟಿದ. ಎದ್ದು ಈ ಕಡೆ ತಿರುಗಿದ.

ಶಶಿಧರ.

ಹುಲಿಗೆಪ್ಪ ಮುಖ ಮುಚ್ಚಿಕೊಂಡು ಅತ್ತ. ಯಾರೋ ಚೀರಿದರು. ಶಶಿಧರ ಎದ್ದು ನಿಂತ.

"ಸುಳ್ಳು! ಇದನ್ನ ಎಡಿಟ್ ಮಾಡ್ಯಾರ!"

ಜಯಶ್ರೀ ಮುಂದೆ ಬಂದಳು.

"ಎಡಿಟ್ ಮಾಡಿದ್ರ ಮೂಲ ಯಾಕ್ ಅಳಿಸಿದ್ರಿ ಸಾವ್ಕಾರ್ರ? ಗುರುವಾರ ನೀಲಾ ನಗು ತೋರಿಸಿದಾಗ ಹಿಂದಿನ ಅಟ್ಟಣಿಗಿ ನಿಮಗ ಗುರ್ತು ಹತ್ತಿತು. ಮುಂದೇನೈತಿ ಅಂತ ನೋಡಾಕ ನಿಮ್ಮ ದೊಡ್ಡ ಸಾಫ್ಟ್‌ವೇರಿನ್ಯಾಗ ತಗದ್ರಿ. ಅದು ಯಾವ ವಿಡಿಯೋ ತಗದ್ರೂ ಅದರ ಧ್ವನಿ ನಕ್ಷಾ ಬರದು ಪಕ್ಕದಾಗ ಇಡ್ತೈತಿ. ವಿಡಿಯೋ ಅಳಿಸಿದ್ರಿ, ನಕ್ಷಾ ಮರತ್ರಿ. ಆರೂ ಹನ್ನೆರಡಕ್ಕ ಅಲ್ಲಿದ್ದಾವ್ರು ನೀವೊಬ್ರ. ನೀಲಾ ಮನಿಗಿ ಹೋಗಿದ್ಲು, ನಾ ಹಾಲಿಗಿ ಹೋಗಿದ್ನಿ. ಹುಲಿಗೆಪ್ಪಗ ಕಂಪ್ಯೂಟರ್ ಚಾಲೂ ಮಾಡಾಕ ಬರಂಗಿಲ್ಲ. ಬಾಳು ಕುಡದಿದ್ದ ಅಂತ ಮೊದಲ ಬಾಯಿ ಬಿಟ್ಟಾವ್ರೂ ನೀವ."

ಶಶಿಧರನ ಶಾಲು ಜಾರಿತು.

"ಬೀಳ್ತಾನಂತ ಗೊತ್ತಿರಲಿಲ್ಲ... ಒಂದ ಹಗ್ಗ..."

ಸಬ್‌ಇನ್ಸ್‌ಪೆಕ್ಟರ್ ಹತ್ತಿರ ಬಂದ. ನೀಲಾ ಕೈ ಅಡ್ಡ ಹಿಡಿದಳು. "ಎರಡ ನಿಮಿಷ, ಸಾಹೇಬ್ರ."

ಮೈಕನ್ನು ಶಶಿಧರನ ಬಾಯಿಗೆ ಹಿಡಿದಳು.

"ಬಾಳು ಕುಡದಿರಲಿಲ್ಲ ಅನ್ರಿ."

ಅವನು ಗೊಣಗಿದ.

"ಹಿಂದ ಕುಂತಾವ್ರಿಗೆ ಕೇಳಿಲ್ಲ."

"ಬಾಳು ಕುಡದಿರಲಿಲ್ಲ."

"ಇನ್ನೊಮ್ಮಿ."

ಅಂದ. ಮತ್ತೆ ಅಂದ. ಐದನೆಯ ಸಲಕ್ಕೆ ದನಿ ಒಡೆಯಿತು. ಮೂರನೆಯ ಸಾಲಿನಲ್ಲಿ ಶಿವವ್ವ ಎದ್ದು ನಿಂತಿದ್ದಳು. ಕೆನ್ನೆ ತೊಯ್ದಿತ್ತು.

"ಸಾಕು ಬಿಡವ್ವಾ ನೀಲಾ," ಎಂದಳು.

ನೀಲಾ ಮೈಕ್ ಇಳಿಸಲಿಲ್ಲ.

"ನನಗಿನ್ನೂ ಸಾಕಾಗಿಲ್ಲವ್ವಾ," ಎಂದಳು. ಅವನ ಕಡೆ ತಿರುಗಿದಳು. "ಹೂಂ, ಅನ್ರಿ."