ಕಪ್ಪು ಪರದೆಯ ಪೈಪು

ಕುತ್ತಿಗೆಗೆ ಕುಡಗೋಲು ತಣ್ಣಗೆ ತಾಗಿತು.

“ಅಳಸಲೇ ಸಿದ್ದಾ! ಆ ದಿನದ್ದು ಪೂರಾ ಅಳಸು!”

ಕುಡಗೋಲು ಹಿಡಿದವನು ಅಂದಪ್ಪ. ಲಕ್ಷ್ಮೇಶ್ವರದ ದೊಡ್ಡ ಶೇಂಗಾ ದಲಾಲ. ಅಳಿಸಬೇಕಾದದ್ದು ಅವನ ಗೇಟಿನ ಕ್ಯಾಮೆರಾದ ವಿಡಿಯೋ. ಅದರಲ್ಲಿ ಅವನ ಜೀಪು... ಬಂಪರಿನ ಮೇಲೆ ರಕ್ತ!

ಯಮನೂರಸಾಬನ ರಕ್ತ. ಹಮಾಲ. ನನ್ನ ಜೀವದ ಗೆಳೆಯ. ಅಂದಪ್ಪನ ತೂಕದ ಮೋಸವನ್ನು ಎಲ್ಲರೆದುರು ಬಯಲು ಮಾಡಿದ. ಮರುದಿನ ಬೆಳ್ಳಟ್ಟಿ ರಸ್ತೆಯಲ್ಲಿ ಹೆಣವಾಗಿದ್ದ. ಅಪಘಾತವಂತೆ! ಅವನನ್ನು ಹೊತ್ತ ಹೆಗಲು ಸ್ವಾಮಿ ಇದು. 

ಗದಗಿನಲ್ಲಿ ನನ್ನದು ಪತ್ತೇದಾರಿ ಕೆಲಸ. ಹೊಟ್ಟೆಪಾಡಿಗೆ ಕಂಪ್ಯೂಟರ್ ರಿಪೇರಿ. ಅಂದಪ್ಪನೇ ಕರೆಸಿದ್ದ. ಯಮನೂರ ನನಗೇನಾಗಬೇಕೆಂದು ಪಾಪ, ಅವನಿಗೆ ಗೊತ್ತಿಲ್ಲ.

ಪೊಲೀಸರಿಗೆ ವಿಡಿಯೋ ಸಾಕು. ನನಗೆ ಸಾಲದು. ಅವನ ಬಾಯಿಂದಲೇ ಬರಬೇಕು... ಹಮಾಲರೆಲ್ಲ ಕೇಳಬೇಕು!

ದಿನವೂ ಶೇಂಗಾ ರೇಟು ಕೂಗುವುದು ಇದೇ ಕಂಪ್ಯೂಟರಿನಿಂದ. ಮೇಜಿನ ಮೇಲೆ ಮೈಕು. ಲೌಡ್‌ಸ್ಪೀಕರಿನ ಹಾರ್ನು ಅಂಗಳದ ಆ ತುದಿಯ ಹರಾಜು ಕಟ್ಟೆಯಲ್ಲಿ. ಆಫೀಸಿನ ಗಾಜು ಮುಚ್ಚಿತ್ತು. ಪಕ್ಕದಲ್ಲಿ ಶೇಂಗಾ ಒಡೆಯುವ ಯಂತ್ರದ ಅಬ್ಬರ. ಒಳಗಿದ್ದವರಿಗೆ ಹಾರ್ನು ಕೇಳುವ ಮಾತೇ ಇಲ್ಲ.

ಕಪ್ಪು ಪರದೆ ತೆರೆದು ಎರಡು ಕಮಾಂಡ್ ಟೈಪಿಸಿದೆ. ಒಂದು ಮೈಕಿನ ದನಿ ಹಿಡಿಯುತ್ತದೆ. ಇನ್ನೊಂದು ಅದನ್ನು ಹಾರ್ನಿನಲ್ಲಿ ನುಡಿಸುತ್ತದೆ. ನಡುವೆ ನೆಟ್ಟಗೆ ನಿಂತ ಒಂದು ಗೆರೆ.

“ಆ ಗೆರಿ ಯಾಕಲೇ?”

“ಪೈಪ್ ರೀ. ಮೊದಲ್ನೇದು ಕೊಟ್ಟದ್ದು ಸೀದಾ ಎರಡನೇದಕ್ಕ ಹೊಕ್ಕೈತಿ. ಪರದೆ ಮ್ಯಾಲ ಏನೂ ಕಾಣೂದಿಲ್ಲ.”

ಎಂಟರ್ ಒತ್ತಿದೆ. ಪರದೆ ಖಾಲಿ. ಎಲ್ಲ ಅಳಿಸಿತೆಂದು ಅವನ ಮುಖ ಅರಳಿತು!

“ಸಾವ್ಕಾರ್ರ... ಯಮನೂರಸಾಬ ತಾನ ಜೀಪಿಗೆ ಬಿದ್ದನಂತ, ಖರೇನ್ರಿ?”

ಅವನು ನಕ್ಕ. “ಅವಗೇನ್ ಹುಚ್ಚೇನು? ನಾನ ಹಾಯಿಸೇನಿ! ಜೀವ ಹೋಗಲಿಲ್ಲಂತ ರಿವರ್ಸ್ ತಗೊಂಡು ಮತ್ತ ಹಾಯಿಸೇನಿ!”

 ಹಲ್ಲು ಕಚ್ಚಿ ಕುಳಿತೆ.

ಪಕ್ಕದ ಯಂತ್ರ ಥಟ್ಟನೆ ನಿಂತಿತು. ಯಾರೋ ನಿಲ್ಲಿಸಿದ್ದರು.

“ಯಾಕ ನಿಂತಿತಲೇ ಅದು?” ಎಂದ ಅಂದಪ್ಪ. ಅದೇ ಮಾತು ಹೊರಗೆ ಹಾರ್ನಿನಲ್ಲಿ ಮೊಳಗಿತು!

ಬೆಚ್ಚಿದ. ನನಗೆ ಅಷ್ಟೇ ಬೇಕಿತ್ತು! ಮೊಣಕೈಯಿಂದ ಹೊಟ್ಟೆಗೆ ಗುದ್ದಿದೆ. ಕುಡಗೋಲು ಮೇಜಿನಡಿ ಸೇರಿತು.

ಗಾಜಿನಾಚೆ ಹಮಾಲರು. ಕೈಯಲ್ಲಿ ಚೀಲ ಎತ್ತುವ ಕೊಂಡಿಗಳು. ಎಲ್ಲರ ಮುಂದೆ ಯಮನೂರನ ಹೆಂಡತಿ ಮಾಸುಮಬಿ. ಶೇಂಗಾ ಆರಿಸುತ್ತಿದ್ದ ಮೊರ ಇನ್ನೂ ಕೈಯಲ್ಲೇ ಇತ್ತು.

“ಚಿಲಕಾ ತಗೀಬ್ಯಾಡೋ ಸಿದ್ದಾ! ನಿನ್ನ ಕಾಲಿಗೆ ಬೀಳ್ತೇನಿ!” ಅಂದಪ್ಪ ಗೋಗರೆದ.

ಅದನ್ನೂ ಅಂಗಳವೆಲ್ಲ ಕೇಳಿತು.

ಎದ್ದು ಚಿಲಕ ತೆಗೆದೆ. “ಬಾರವ್ವಾ ಮಾಸುಮಕ್ಕಾ. ಪೊಲೀಸ್ರು ಬರಾಕ ಇನ್ನೂ ಟೈಮ್ ಐತಿ.”

ಹೋಗುವ ಮುನ್ನ ಮೈಕು ಮಾತ್ರ ಬಂದ್ ಮಾಡಿದೆ. ಮುಂದಿನದು ಊರಿಗೆಲ್ಲ ಕೇಳಿಸುವುದು ಬೇಡವಿತ್ತು!