ಪೂಜೆಗಿಟ್ಟ ರಿಜಿಸ್ಟರ್

ವಿಜಯದಶಮಿಯ ಬೆಳಿಗ್ಗೆ ಎಂಟೂವರೆಗೆ ಶಾಲೆಯ ಹಾಲ್ ಬೀಗ ತೆಗೆದರು. ಹಿಂದಿನ ದಿನ ಸರಸ್ವತಿ ಪೂಜೆಗೆ ಇಟ್ಟಿದ್ದ ಪುಸ್ತಕಗಳಲ್ಲಿ ಒಂದು ಇರಲಿಲ್ಲ. ಮಕ್ಕಳ ದಾಖಲಾತಿ ರಿಜಿಸ್ಟರ್. ಬೀಗ ಒಡೆದಿರಲಿಲ್ಲ, ಕಿಟಕಿ ಮುರಿದಿರಲಿಲ್ಲ.

ನನ್ನ ಹಣೆಬರಹ ನೋಡಿ. ನಾನು ಉಪೇಂದ್ರ, ಪತ್ರಿಕೆಯೊಂದರ ವರದಿಗಾರ. ಮದ್ರಾಸಿನ ಎಗ್ಮೋರ್ ಸ್ಟೇಷನ್ ಹಿಂದಿನ ಈ ಪ್ರಾಥಮಿಕ ಶಾಲೆಗೆ ಆ ವರ್ಷ, 2001ರಲ್ಲಿ, ಐವತ್ತು ತುಂಬಿತ್ತು. ಪ್ರಶ್ನೋತ್ತರ ರೂಪದ ಪರಿಚಯ ಪುಸ್ತಿಕೆ ಬರೆದುಕೊಡುತ್ತೇನೆಂದು ಒಪ್ಪಿಕೊಂಡು ಕೆಟ್ಟಿದ್ದೆ. ಶಾಲೆ ಎಷ್ಟು ಗಂಟೆಗೆ? ಎಂಟೂ ಮುಕ್ಕಾಲಿಗೆ. ಯಾವ ವಯಸ್ಸಿಗೆ ಸೇರಿಸಬೇಕು? ಐದಕ್ಕೆ. ಕನ್ನಡ ವಿಭಾಗದಲ್ಲಿ ಎಷ್ಟು ಮಕ್ಕಳು? ಈ ಒಂದು ಪ್ರಶ್ನೆಗೆ ಮೂರು ವಾರ ಅಲೆದಿದ್ದೆ.

ಆ ವಿಭಾಗದ ಕೌಸಲ್ಯಾ ಟೀಚರ್, ಬರುವವರು ಹನ್ನೊಂದು, ಸೇರಿದವರೆಷ್ಟು ಅಂತ ರಾಯರನ್ನು ಕೇಳಿ ಎಂದಿದ್ದರು. ರಾಯರೆಂದರೆ ಶಾಲೆಯ ಕರೆಸ್ಪಾಂಡೆಂಟ್, ಅಂದರೆ ಆಡಳಿತ ನೋಡಿಕೊಳ್ಳುವ ವಿಷ್ಣುತೀರ್ಥರಾಯರು, ಮೂರು ತಲೆಮಾರಿನಿಂದ ಮದ್ರಾಸಿನವರು. ಅವರದು ಒಂದೇ ಉತ್ತರ: "ಇಪ್ಪತ್ತು ಚಿಲ್ಲರೆ ಅಂತ ಬರ್ಕೋಪ್ಪಾ." ನಾನು ರೇಗಿ, ಹಬ್ಬದ ದಿನ ರಿಜಿಸ್ಟರ್ ತೆಗೆದಾಗ ನಾನೇ ಎಣಿಸುತ್ತೇನೆ ಎಂದಿದ್ದೆ. ಅವತ್ತೇ ಅದು ಮಾಯ.

ರಾಯರು ಹಾಲ್‌ಗೆ ಬಂದವರೇ ರಾಶಿಗೆ ಕೈ ಹಾಕಿದರು. ಒಂದೊಂದೇ ಪುಸ್ತಕ ಎತ್ತಿ ಹುಡುಕಿದರು. ಸಿಗಲಿಲ್ಲ.

"ಬೀಗದ ಕೈ ಯಾರ ಹತ್ರ ಇತ್ತು?" ಆಡಳಿತ ಸಮಿತಿಯ ಮಹದೇವ ಕೇಳಿದರು.

"ನನ್ನ ಹತ್ರ," ಎಂದರು ಕೌಸಲ್ಯಾ ಟೀಚರ್.

ಇನ್ನೊಂದು ಕೈ ಎರಡು ವರ್ಷದ ಹಿಂದೆಯೇ ಕಳೆದುಹೋಗಿತ್ತಂತೆ. ಹಾಗೆಂದವರು ರಾಯರು. ಅಲ್ಲಿಗೆ ಮುಗಿಯಿತು ವಿಚಾರಣೆ. ಮಧ್ಯಾಹ್ನದೊಳಗೆ ರಾಜೀನಾಮೆ ಕೊಡದಿದ್ದರೆ ಪೊಲೀಸ್ ಕಂಪ್ಲೇಂಟ್ ಎಂದರು ಮಹದೇವ. ಹದಿನಾಲ್ಕು ವರ್ಷ ಅಲ್ಲೇ ಪಾಠ ಹೇಳಿದ ಹೆಂಗಸು.

"ನಾನು ತಗೊಂಡಿಲ್ಲ ಸಾರ್. ಇನ್ನು ಹೇಗೆ ಹೇಳ್ಬೇಕೋ ನಂಗೆ ಗೊತ್ತಾಗ್ತಿಲ್ಲ."

ಯಾರೂ ಅವರ ಮುಖ ನೋಡಲಿಲ್ಲ. ನನಗೆ ಮೈಯೆಲ್ಲಾ ಉರಿಯಿತು.

* * *

ವಾಚ್‌ಮನ್ ಬಾಬು ಹಳೇ ಕಾಗದ ಮಾರುತ್ತಾನೆಂದು ಯಾರೋ ಹೇಳಿದರು. ಹಿಡಿದು ಕೇಳಿದೆ. ತಲೆ ಕೆರೆದುಕೊಂಡು, ನಿನ್ನೆ ಒಂದು ಕಟ್ಟು ಮಾರಿದ್ದು ನಿಜ ಎಂದ. ಆಯುಧಪೂಜೆಗೆ ಒಡೆದ ಕುಂಬಳಕಾಯಿ ತುಳಿಯುತ್ತಾ, ಜಾರುತ್ತಾ, ಬಿಸಿಲಲ್ಲಿ ರದ್ದಿ ಅಂಗಡಿ ಹುಡುಕಿದೆ. ಕಟ್ಟು ಬಿಚ್ಚಿಸಿದೆ. ಎಲ್ಲ ಹಳೆಯ ತಮಿಳು ಪ್ರಶ್ನೆಪತ್ರಿಕೆಗಳು. ಒಂದು ಗಂಟೆ ದಂಡ, ಷರಟು ತೊಪ್ಪೆ.

ವಾಪಸು ಬಂದು ಹಾಲ್‌ನಲ್ಲಿ ಕುಸಿದು ಕೂತೆ. ಎದುರಿಗೇ ಕಲಶ. ಹಿಂದಿನ ದಿನ ಕೌಸಲ್ಯಾ ಟೀಚರ್ ಹಾಕಿದ್ದ ತಾವರೆ ರಂಗೋಲಿಯ ನಡುಮಧ್ಯೆ ರಾಯರು ಅದನ್ನಿಟ್ಟು ಪೂಜೆ ಮಾಡಿದ್ದನ್ನು ನಾನೇ ನೋಡಿದ್ದೆ. ಈಗ ಅದು ನಡುವೆ ಇರಲಿಲ್ಲ. ನಾಲ್ಕು ಬೆರಳಿನಷ್ಟು ಉತ್ತರಕ್ಕೆ ಸರಿದಿತ್ತು. ಮೇಲೆ ಅಕ್ಷತೆ ಬಿದ್ದಿತ್ತು.

ಬೆಳಿಗ್ಗೆಯಿಂದ ಕಲಶವನ್ನು ಯಾರಾದರೂ ಮುಟ್ಟಿದರೇ ಎಂದು ಟೀಚರನ್ನು ಕೇಳಿದೆ. ಇಲ್ಲ ಎಂದರು. ಪೂಜೆ ಮಾಡಿದವರೇ ಕದಲಿಸಬೇಕು, ಅದಕ್ಕೇ ರಾಯರಿಗಾಗಿ ಎಲ್ಲರೂ ಕಾದದ್ದು ಎಂದರು.

ಥೂ, ಎಂಥ ದಡ್ಡ ನಾನು.

* * *

ಆಫೀಸ್ ಕೋಣೆಯಲ್ಲಿ ಮೂವರನ್ನೂ ಕೂರಿಸಿದೆ. ರಾಜೀನಾಮೆ ಪತ್ರ ಬರೆದು ಮೇಜಿನ ಮೇಲಿಟ್ಟಿತ್ತು, ಸಹಿ ಮಾತ್ರ ಬಾಕಿ.

"ರಾಯರೇ, ರಿಜಿಸ್ಟರ್ ಎಲ್ಲಿಟ್ಟಿದ್ದೀರಿ?"

ಮಹದೇವ ಎದ್ದೇಬಿಟ್ಟರು. ನಾನು ಬಿಡಲಿಲ್ಲ. ಪೂಜೆಗಿಟ್ಟ ಪುಸ್ತಕವನ್ನು ಮಾರನೆಯ ದಿನ ಅಕ್ಷತೆ ಹಾಕಿ, ಕಲಶವನ್ನು ಉತ್ತರಕ್ಕೆ ಸರಿಸಿ, ದೇವಿಯನ್ನು ಕಳಿಸಿಕೊಡುವವರೆಗೆ ಮುಟ್ಟುವಂತಿಲ್ಲ. ಮಾಮೂಲಿ ಕಳ್ಳನಾದರೆ ಪುಸ್ತಕ ಎಳೆದುಕೊಂಡು ಹೋಗುತ್ತಿದ್ದ. ಈ ಕಳ್ಳ ಮೊದಲು ದೇವಿಯನ್ನು ಕಳಿಸಿಕೊಟ್ಟು, ಆಮೇಲೆ ಕದ್ದಿದ್ದಾನೆ. ಕದಿಯುವಾಗಲೂ ಶಾಸ್ತ್ರ ಬಿಡಲಾಗಲಿಲ್ಲ.

"ಸಂಧ್ಯಾವಂದನೆ ಮಾಡದೆ ಕಾಫಿ ಕುಡಿಯೋರಲ್ಲ ನೀವು. ಇವತ್ತು ಬೆಳಿಗ್ಗೆ ಕಲಶ ಕದಲಿಸದೆ ನೇರ ಪುಸ್ತಕಕ್ಕೆ ಕೈ ಹಾಕಿದಿರಿ. ಆಗಲೇ ಕದಲಿಸಿಯಾಗಿದೆ ಅಂತ ನಿಮಗೊಬ್ಬರಿಗೇ ಗೊತ್ತಿತ್ತು. ಇನ್ನೊಂದು ಕೈ ಕಳೆದಿಲ್ಲ, ನಿಮ್ಮ ಹತ್ರಾನೇ ಇದೆ."

ರಾಯರು ತಲೆ ತಗ್ಗಿಸಿದರು. ನಿನ್ನೆ ಸಂಜೆ ಐದಕ್ಕೆ ಬಂದೆ ಎಂದರು. ರಿಜಿಸ್ಟರ್ ಅವರ ಮನೆಯ ದೇವರ ಕೋಣೆಯಲ್ಲಿತ್ತು. ಇಪ್ಪತ್ತಕ್ಕಿಂತ ಕಡಿಮೆಯಾದರೆ ಬರುವ ಜೂನ್‌ನಿಂದ ಕನ್ನಡ ವಿಭಾಗ ಮುಚ್ಚುವುದೆಂದು ಸಮಿತಿ ತೀರ್ಮಾನಿಸಿತ್ತು. ಇದ್ದವರು ಹನ್ನೊಂದೇ. ಒಂಬತ್ತು ಹೆಸರುಗಳನ್ನು ರಾಯರೇ ಹುಟ್ಟಿಸಿದ್ದರು. ನಾನು ಎಣಿಸಲು ಕೂತರೆ, ಮನೆ ವಿಳಾಸ ಕೇಳಿದರೆ, ಎಲ್ಲ ಬಯಲು.

"ನಿಮಗೋಸ್ಕರ ತಾನ್ ಮಾಡಿದೆ, ಟೀಚರ್. ಸೆಕ್ಷನ್ ಮುಚ್ಚಿದ್ರೆ ನೀವು ಎಲ್ಲಿಗೆ ಹೋಗ್ತೀರಿ?" ರಾಯರ ಕನ್ನಡದೊಳಕ್ಕೆ ತಮಿಳು ನುಗ್ಗಿತ್ತು.

"ಅವರಿಗೋಸ್ಕರ ಅಂತ ಅವರನ್ನೇ ಕಳ್ಳಿ ಮಾಡಿ ಸುಮ್ಮನೆ ಕೂತಿದ್ರಲ್ಲ," ಎಂದೆ. ಹಿರಿಯರೆಂಬ ಮರ್ಯಾದೆ ಆಗ ನನಗೆ ನೆನಪಾಗಲಿಲ್ಲ.

* * *

ರಾಯರ ಮನೆಯಿಂದ ರಿಜಿಸ್ಟರ್ ಬಂತು. ಮಹದೇವ ರಾಜೀನಾಮೆ ಪತ್ರ ಹರಿದು ಬುಟ್ಟಿಗೆ ಹಾಕಿದರು. ಅತ್ತಿತ್ತ ನೋಡಿ, ವಿಷಯ ನಮ್ಮಲ್ಲೇ ಇರಲಿ, ಒಂಬತ್ತು ಹೆಸರು ಹಾಗೇ ಇರಲಿ, ಟೀಚರ್ ಕೆಲಸವೂ ಉಳಿಯುತ್ತದೆ ಎಂದರು. ಅಷ್ಟರ ಮಟ್ಟಿಗೆ ಅವರಿಗೂ ನಾಚಿಕೆಯಾಗಿತ್ತು.

ಕೌಸಲ್ಯಾ ಟೀಚರ್ ರಿಜಿಸ್ಟರ್ ತಮ್ಮ ಕಡೆಗೆ ಎಳೆದುಕೊಂಡರು. ಕೆಂಪು ಪೆನ್ ತೆಗೆದು ಮೊದಲ ಸುಳ್ಳು ಹೆಸರಿನ ಮೇಲೆ ಗೆರೆ ಹೊಡೆದರು. ಆಮೇಲೆ ಎರಡನೆಯದು.

"ಟೀಚರ್, ಕೆಲಸ ಹೋಗುತ್ತೆ," ಎಂದೆ.

"ಹೋಗ್ಲಿ ಸಾರ್. ಬೆಳಿಗ್ಗೆಯಿಂದ ಕಳ್ಳಿ ಅನ್ನಿಸ್ಕೊಂಡು ನೋಡಿದೆ. ಅದು ನನ್ನ ಕೈಲಾಗಲ್ಲ."

ಒಂಬತ್ತನೆಯ ಹೆಸರನ್ನೂ ಹೊಡೆದು, ಕೆಳಗೆ ಸಹಿ ಹಾಕಿದರು.